ಕೊಳಗ ಯಾರ ಕೈಲಿತ್ತು?

ರಾಜರಾಣಿಯರ ಕತೆಯಲ್ಲಿ ಬೆಂಕಿಯುಗುಳುವ ಹಾರುಸರ್ಪವನ್ನೇರಿದವನು ಒಡೆಯನಿಗೆ ಎದುರು ನಿಲ್ಲುತ್ತಾನೆ. ನಮ್ಮ ಮಲೆನಾಡಲ್ಲಿ ಎದುರು ನಿಂತವರಿಗೆ ಏರೋಕೆ ಕುದುರೆಯೂ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ: ಒಂದು ಕೊಳಗಕ್ಕೆ ಎಷ್ಟು ಸೇರು?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗದ್ದೆ ಉಳುತ್ತಿದ್ದವರು ಹೆಚ್ಚಾಗಿ ದೀವರು. ಗದ್ದೆ ಒಡೆಯರದು, ಗೇಣಿ ಅಳೆಯುವ ಕೊಳಗವೂ ಒಡೆಯರದೇ. 3 ಸೇರು ಹಿಡಿಯಬೇಕಾದ ಕೊಳಗ ಅವರ ಅಂಗಳದಲ್ಲಿ ಹೊಟ್ಟೆ ಉಬ್ಬಿಸಿಕೊಂಡಿತ್ತು. ಅರ್ಧ ಸೇರು ಹೆಚ್ಚಾದರೆ ಏನು ಮಹಾ ಅಂತೀರಾ? ಲೆಕ್ಕ ಹಾಕಿ ನೋಡಿ. 100 ಕೊಳಗಕ್ಕೆ 50 ಸೇರು ಭತ್ತ ಯಾವ ಲೆಕ್ಕಕ್ಕೂ ಸಿಗದೆ ಹೋಯಿತು. ಅದು ಮಕ್ಕಳ ಗಂಜಿ.

ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘ ಕಟ್ಟಿ ನಿಲ್ಲಿಸಿದರು. ಅಳತೆ ಕೇಳಿದ ತಪ್ಪಿಗೆ ಒಡೆಯರು ಗದ್ದೆ ಬಿಡಿಸಲು ಹೊರಟರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗಿಳಿದವರನ್ನು ಪೊಲೀಸರು ಹಿಡಿದೊಯ್ದರು. ಸಮಾಜವಾದಿ ಪಕ್ಷ ಜೊತೆಗೆ ಬಂತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ದಿಲ್ಲಿಗೆ ಕಾಗೋಡಿನ ಹೆಸರು ಗೊತ್ತಾಯಿತು.

ಮುಂದಿನ ವರ್ಷವೇ ಚುನಾವಣೆ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರನ್ನು ಸಾಗರ–ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು. ಅದೇ 1952ರಲ್ಲಿ ಕಾಗೋಡಿನ ಜಮೀನ್ದಾರ ಕೆ.ಜಿ. ಒಡೆಯರ್ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಹೋದರು. ಇದನ್ನು ನಾವು ಮರೆಯಬಾರದು. ಓಟು ಒಕ್ಕಲಿನ ಕೈಗೂ ಬಂತು, ಒಡೆಯನ ಕೈಯಿಂದಲೂ ಹೋಗಲಿಲ್ಲ.

ಉಳುವವನಿಗೇ ಭೂಮಿ ಎನ್ನುವ ಕಾನೂನು ಗಟ್ಟಿಯಾಗಲು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯೇ ಬರಬೇಕಾಯಿತು. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಆಗ ಗೇಣಿದಾರ ಅರ್ಜಿ ಹಾಕಿದ, ನ್ಯಾಯಮಂಡಳಿಯ ಮುಂದೆ ನಿಂತ, ಗದ್ದೆ ಪಡೆದ. ನಾವು ಖುಷಿಪಟ್ಟೆವು. ಆದರೆ ನಮ್ಮಜ್ಜ ಗೇಣಿದಾರನಲ್ಲ, ಗೇಣಿದಾರನ ಗದ್ದೆಯ ಕೂಲಿಯಾಳು. ನಾಟಿಗೆ ಬಗ್ಗಿದ ನಮ್ಮಜ್ಜಿಯ ಬೆನ್ನಿಗೆ ಯಾವ ಚೀಟಿ ಇತ್ತು? ಯಾವ ಪಹಣಿಯಲ್ಲಿ ಅವಳ ಹೆಸರಿತ್ತು? ಅರ್ಜಿ ಬರೆಯಲು ನಮಗೆ ಜಾಗವೇ ಇರಲಿಲ್ಲ.

ಕಾಗೋಡನ್ನು ಸಣ್ಣದು ಮಾಡಲು ಈ ಮಾತು ಹೇಳುತ್ತಿಲ್ಲ, ಗೆಳೆಯರೇ. ಅಳತೆಯನ್ನು ಪ್ರಶ್ನಿಸಬಹುದು ಎಂದು ನಮಗೆ ಕಲಿಸಿದವರೇ ಅವರು. ಅವರು ಒಡೆಯನ ಕೊಳಗವನ್ನು ಅಳೆದರು. ಚರಿತ್ರೆ ಬರೆಯುವವರ ಕೊಳಗವನ್ನು ಅಳೆಯುವುದು ಈಗ ನಮ್ಮ ಸರದಿ.