ಮೊನೆಯ ದೋಷ, ಉದ್ದದ ಗುಣ: ಆನೆಕೋವಿಗಳ ದುಂಡು ಗುಂಡು ಮತ್ತು ಶಂಕುಗುಂಡಿನ ವಿವಾದ ಕುರಿತು

ಸಿಲೋನಿನ ಬೇಟೆಯನ್ನು ಕುರಿತು 1854ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸ್ಯಾಮುಯೆಲ್ ಬೇಕರ್ ಶಂಕುಗುಂಡಿನ ಮೇಲೆ ಎರಡು ಆಕ್ಷೇಪ ಎತ್ತಿದ್ದಾನೆ. ಅದು ಮಾಡುವ ಗಾಯ ತೀರ ಚೊಕ್ಕಟವಾದದ್ದು ಎಂಬುದು ಒಂದು. ಮೂಳೆಗೆ ಬಡಿದರೆ ಜಾರಿ ದಿಕ್ಕು ತಪ್ಪುತ್ತದೆ ಎಂಬುದು ಇನ್ನೊಂದು. ಆದ್ದರಿಂದ ಅಪಾಯಕಾರಿ ಮೃಗಗಳಿಗೆ ದುಂಡು ಗುಂಡೇ ಸರಿ ಎಂಬುದು ಅವನ ನಿಲುವು. ಬೇಕರ್ ಕಂಡದ್ದನ್ನು ಅಲ್ಲಗಳೆಯಲು ಆಧಾರವಿಲ್ಲ. ಆದರೆ ಕಂಡದ್ದರಿಂದ ಅವನು ಹೊರಡಿಸಿದ ತೀರ್ಮಾನ ಅಷ್ಟೇ ಗಟ್ಟಿಯಾದದ್ದಲ್ಲ. ಶಂಕುಗುಂಡಿನಲ್ಲಿ ಮೊನೆ ಮತ್ತು ಉದ್ದ ಎಂಬ ಎರಡು ಬೇರೆ ಬೇರೆ ಲಕ್ಷಣಗಳಿವೆ. ಜಾರುವುದು ಮೊನೆಯ ದೋಷ. ಅದಕ್ಕಾಗಿ ಉದ್ದವನ್ನೂ ತಳ್ಳಿಹಾಕಿದ್ದು ಸರಿಯಲ್ಲ ಎಂಬುದು ಈ ಲೇಖನದ ವಾದ.

ಹಿನ್ನೆಲೆಯಲ್ಲಿ ವಿವಾದವಿಲ್ಲದ ಸಂಗತಿಗಳನ್ನು ಬೇಗ ದಾಟಬಹುದು. ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ದುಂಡು ಗುಂಡು ಎರೆಯಬಹುದೋ ಅದೇ ಕೋವಿಯ ಬೋರ್. ಹಾಗಾಗಿ 4 ಬೋರಿನ ಗುಂಡು 4 ಔನ್ಸ್, ಅಂದರೆ ಸುಮಾರು 113 ಗ್ರಾಂ. 1863ರಲ್ಲಿ ಜೇಮ್ಸ್ ಫಾರ್ಸಿತ್ ದುಂಡು ಗುಂಡಿನ ಪರವಾಗಿ ಬರೆದ ಪುಸ್ತಕವನ್ನು ಬೇಕರನ ಸಾಲಿಗೇ ಸೇರಿಸುವ ರೂಢಿಯಿದೆ. ಆದರೆ ಫಾರ್ಸಿತ್‌ನ ಮುಖ್ಯ ಕಾಳಜಿ ಹಾದಿಯ ಬಾಗು: ನಳಿಗೆಯೊಳಗಿನ ಸುರುಳಿಗೆರೆಯ ತಿರುವು ನಿಧಾನವಾಗಿದ್ದು ಮದ್ದು ಹೆಚ್ಚಿದ್ದರೆ, ದುಂಡು ಗುಂಡು ಬೇಟೆಯ ದೂರದಲ್ಲಿ ಹೆಚ್ಚು ಇಳಿಯದೆ ಸಾಗುತ್ತದೆ ಎಂಬುದು. ಹದಿನೈದಿಪ್ಪತ್ತು ಗಜದಲ್ಲಿ ನಿಂತ ಆನೆಯ ವಿಷಯಕ್ಕೆ ಆ ವಾದ ಬರುವುದೇ ಇಲ್ಲ. ಅಲ್ಲಿ ಇರುವುದು ಒಂದೇ ಪ್ರಶ್ನೆ: ಹಣೆಯ ದಪ್ಪನೆಯ ಜಾಲರಿ ಮೂಳೆಯನ್ನು ತೂರಿ ಗುಂಡು ಮಿದುಳನ್ನು ಮುಟ್ಟುತ್ತದೆಯೇ?

ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ವೇಗ, ಗಡಸುತನಗಳ ಜೊತೆಗೆ ಅದರ ತೂಕವನ್ನು ವ್ಯಾಸದ ವರ್ಗದಿಂದ ಭಾಗಿಸಿದ ಅಂಕಿಯೂ ಮುಖ್ಯ. ಅದನ್ನು ಇಲ್ಲಿ ಛೇದಭಾರ ಎಂದು ಕರೆಯೋಣ. ದುಂಡು ಗುಂಡಿನ ತೂಕ ವ್ಯಾಸದ ಘನಕ್ಕೆ ಅನುಗುಣವಾದ್ದರಿಂದ ಅದರ ಛೇದಭಾರ ವ್ಯಾಸವೊಂದನ್ನೇ ಅವಲಂಬಿಸಿದೆ. ಇದರ ಪರಿಣಾಮ ದೊಡ್ಡದು. ದುಂಡು ಗುಂಡನ್ನೇ ನಂಬಿದವನಿಗೆ ಛೇದಭಾರ ಹೆಚ್ಚಿಸಲು ನಳಿಗೆಯನ್ನು ಅಗಲಿಸುವುದು ಬಿಟ್ಟು ಬೇರೆ ದಾರಿಯಿಲ್ಲ. 12 ಬೋರಿನ ಗುಂಡು 18.5 ಮಿಲಿಮೀಟರ್, ಸುಮಾರು 38 ಗ್ರಾಂ. 4 ಬೋರಿನದು 26.7 ಮಿಲಿಮೀಟರ್. ಇವು ಲೆಕ್ಕದ ಅಳತೆಗಳು, ನಿಜವಾದ ನಳಿಗೆಗಳಲ್ಲಿ ತುಸು ಹೆಚ್ಚುಕಡಿಮೆ ಇರುತ್ತಿತ್ತು. ಇವುಗಳ ಪ್ರಕಾರ 12 ಬೋರಿನಲ್ಲಿ 54 ಗ್ರಾಮಿನ ಉದ್ದ ಗುಂಡು ಹಾಕಿದರೆ ಅದರ ಛೇದಭಾರ 4 ಬೋರಿನ 113 ಗ್ರಾಂ ದುಂಡು ಗುಂಡಿಗೆ ಸಮನಾಗುತ್ತದೆ. ತೂಕ ಅರ್ಧಕ್ಕಿಂತ ಕಡಿಮೆ. ಹೆಗಲಿಗೆ ಬೀಳುವ ಒದೆತವೂ ಆ ಮಟ್ಟಿಗೆ ಇಳಿಯುತ್ತದೆ.

ಹಾಗಿದ್ದರೆ ಅನುಭವಿ ಬೇಟೆಗಾರರು ದುಂಡು ಗುಂಡನ್ನೇ ಹಿಡಿದು ಕೂತದ್ದೇಕೆ? ಮೈಸೂರು ಸಂಸ್ಥಾನದ ಖೆಡ್ಡಾಗಳಿಂದ ಹೆಸರಾದ ಸ್ಯಾಂಡರ್ಸನ್‌ನ ಉದಾಹರಣೆ ಇಲ್ಲಿ ಬೆಲೆಬಾಳುತ್ತದೆ. 1878ರ ತನ್ನ ಪುಸ್ತಕದಲ್ಲಿ ಅವನು ಹೇಳುವಂತೆ, ಹಿಂದೆ ಅವನ ಬಳಿ ಹದಿನಾರೂವರೆ ಪೌಂಡ್ ತೂಗುವ 4 ಬೋರಿನ ಒಂಟಿನಳಿಗೆ ರೈಫಲ್ ಇತ್ತು. ಅದನ್ನು ಬಿಟ್ಟು ಹತ್ತೊಂಬತ್ತೂವರೆ ಪೌಂಡಿನ ಜೋಡುನಳಿಗೆ ಕೋವಿಗೆ ಬದಲಾಯಿಸಿಕೊಂಡ. 12 ಡ್ರಾಮ್ ಮದ್ದು ತುಂಬುತ್ತಿದ್ದ. ಬದಲಾವಣೆಗೆ ಅವನು ಕೊಡುವ ಕಾರಣ ಒಂಟಿನಳಿಗೆಯ ತೋಟಾ ಒಮ್ಮೆ ಸಿಡಿಯದೆ ತಾನು ಅಪಾಯಕ್ಕೆ ಸಿಲುಕುವುದರಲ್ಲಿದ್ದೆ ಎಂದಷ್ಟೇ. ಆದರೆ ಗಮನಿಸಬೇಕಾದದ್ದು ಹೊಸ ಕೋವಿಯ ನಳಿಗೆಯೊಳಗೆ ಸುರುಳಿಗೆರೆಯೇ ಇರಲಿಲ್ಲ ಎಂಬುದು. ಗುಂಡಿಗೆ ತಿರುಗುವಿಕೆ ಇಲ್ಲದೆಯೂ ಆನೆಬೇಟೆ ನಡೆಯಿತು, ಏಕೆಂದರೆ ದುಂಡು ಗುಂಡಿಗೆ ಮಗುಚಿಕೊಳ್ಳುವ ಭಯವಿಲ್ಲ. ಅದಕ್ಕೆ ಹಿಂದು ಮುಂದೆಂಬುದೇ ಇಲ್ಲ. ಮೊನೆಯಿರುವ ಉದ್ದ ಗುಂಡಿನ ಕಥೆ ಬೇರೆ. ಅದರ ಭಾರವೆಲ್ಲ ಹಿಂಬದಿಯಲ್ಲಿ. ಗಾಳಿಯಲ್ಲಿ ಅದನ್ನು ನೆಟ್ಟಗಿಡುವ ತಿರುಗುವಿಕೆ, ಗಾಳಿಗಿಂತ ನೂರಾರು ಪಟ್ಟು ಸಾಂದ್ರವಾದ ಮಾಂಸ ಮೂಳೆಗಳೊಳಗೆ ಸಾಲದು. ಓರೆಯಾದ ಮೂಳೆಗೆ ಮೊನೆ ತಗುಲಿದೊಡನೆ ತಳ್ಳು ಪಕ್ಕಕ್ಕೆ ಬೀಳುತ್ತದೆ, ಗುಂಡು ಹೊರಳುತ್ತದೆ. ಬೇಕರ್ ಕಂಡದ್ದು ಇದನ್ನೇ ಎಂದು ನಂಬಲು ಅಡ್ಡಿಯಿಲ್ಲ.

ಮೊನೆಯ ದೋಷವನ್ನು ಉದ್ದದ ಗುಣದಿಂದ ಬೇರ್ಪಡಿಸಬಹುದು ಎಂಬುದಕ್ಕೆ, ಕೋವಿ ತಯಾರಕ ರಿಗ್ಬಿ 1898ರಲ್ಲಿ ಹೊರತಂದ ಹೊಗೆರಹಿತ ಮದ್ದಿನ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ ಮುಖ್ಯ ಸಾಕ್ಷ್ಯ. ಅದರ ಗುಂಡು 31 ಗ್ರಾಂ, ವ್ಯಾಸ 11.6 ಮಿಲಿಮೀಟರ್, ವೇಗ ಸೆಕೆಂಡಿಗೆ ಸುಮಾರು 655 ಮೀಟರ್. 4 ಬೋರಿನ ದುಂಡು ಗುಂಡಿನ ಕಾಲುಭಾಗಕ್ಕಿಂತ ತುಸು ಹೆಚ್ಚು ತೂಕ, ಆದರೆ ಛೇದಭಾರ ಸುಮಾರು ಒಂದೂವರೆ ಪಟ್ಟು. ಆನೆಗೆಂದು ಬಳಸಿದ ಗಟ್ಟಿ ಗುಂಡಿನ ಆಕಾರವನ್ನು ನೋಡಿ: ಮೊನೆಯಿಲ್ಲ, ಮೂತಿ ಮೊಂಡು. ಬಹುಮಟ್ಟಿಗೆ ಇದು ದುಂಡು ಗುಂಡಿನ ಮುಂದಿನ ಅರ್ಧವನ್ನು ಉದ್ದ ಗುಂಡಿನ ಮೈಗೆ ಕೂಡಿಸಿದಂತೆ. ಮೊನೆಯನ್ನು ಕುರಿತು ಬೇಕರ್ ಗೆದ್ದ, ಉದ್ದವನ್ನು ಕುರಿತು ಸೋತ ಎಂದು ನಾನು ಹೇಳುವುದು ಈ ಆಧಾರದ ಮೇಲೆ.

ಗೆದ್ದದ್ದು ಆಕಾರವಲ್ಲ, ಹೊಗೆರಹಿತ ಮದ್ದಿನ ವೇಗ ಎಂಬ ಆಕ್ಷೇಪ ಬರಬಹುದು, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಆದರೆ ಅದೇ 11.6 ಮಿಲಿಮೀಟರ್ ವ್ಯಾಸದ ಸೀಸದ ದುಂಡು ಗುಂಡು 9 ಗ್ರಾಮಿಗಿಂತ ಸ್ವಲ್ಪ ಹೆಚ್ಚಷ್ಟೇ ತೂಗುತ್ತದೆ. ಅದರ ಛೇದಭಾರ ಉದ್ದ ಗುಂಡಿನದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಎಷ್ಟೇ ವೇಗ ಕೊಟ್ಟರೂ ಆನೆಯ ಹಣೆಗೆ ಅದನ್ನು ಯಾರೂ ನಂಬಲಾರರು. ಅಷ್ಟಾದರೂ ವೇಗದ ಪಾಲನ್ನು, ಗುಂಡು ಚಪ್ಪಟೆಯಾಗದಂತೆ ತಡೆದ ಲೋಹದ ಕವಚದ ಪಾಲನ್ನು ನಿರಾಕರಿಸಲಾಗದು. ಇವೆರಡೂ ಇಲ್ಲದ ಕಾಲದಲ್ಲಿ ಮೊಂಡುಮೂತಿಯ ಉದ್ದ ಗುಂಡು ಇಷ್ಟೇ ಸ್ಪಷ್ಟವಾಗಿ ಗೆಲ್ಲುತ್ತಿತ್ತು ಎಂದು ನಾನು ಸಾಧಿಸುತ್ತಿಲ್ಲ. ಗಾಯ ತೀರ ಚೊಕ್ಕಟವಾದದ್ದು ಎಂಬ ಬೇಕರನ ಮೊದಲ ಆಕ್ಷೇಪವನ್ನೂ ಛೇದಭಾರದ ಲೆಕ್ಕ ಮುಟ್ಟುವುದಿಲ್ಲ. ತವರ ಬೆರೆಸಿ ಗಟ್ಟಿಮಾಡಿದ 54 ಗ್ರಾಮಿನ ಮೊಂಡು ಗುಂಡನ್ನು 12 ಬೋರಿನಿಂದಲೂ, ಅಷ್ಟೇ ಗಟ್ಟಿಯಾದ 113 ಗ್ರಾಮಿನ ದುಂಡು ಗುಂಡನ್ನು 4 ಬೋರಿನಿಂದಲೂ, ಎರಡಕ್ಕೂ ಕರಿಮದ್ದನ್ನೇ ಬಳಸಿ, ಒಂದೇ ವೇಗದಲ್ಲಿ ಒಂದೇ ಮಾಧ್ಯಮಕ್ಕೆ ಹಾರಿಸಿ ಅಳೆದರೆ ಮಾತ್ರ ಆಕಾರದ ಪಾಲು ಬೇರೆಯಾಗಿ ತಿಳಿದೀತು.