ವೀಟಿಯ ಕಲ್ಲು, ವೀಟಿಯ ದನಿ



ಟಿಕೇಟಿನ ಮೇಲೆ ಏನೇ ಬರೆದಿರಲಿ, ಮುಂಬೈಯ ಹಳೆಯ ಕನ್ನಡಿಗರ ಬಾಯಲ್ಲಿ ಅದು ಇಂದಿಗೂ 'ವೀಟಿ'. ಅದಕ್ಕೂ ಮೊದಲು ಅಲ್ಲಿದ್ದುದು ಬೋರಿಬಂದರ್ ನಿಲ್ದಾಣ. 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಅಲ್ಲಿಂದಲೇ ಠಾಣೆಗೆ ಹೊರಟಿತು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು, 14 ಬೋಗಿಗಳು, ಸುಮಾರು 400 ಮಂದಿ. ದಾರಿ 34 ಕಿಲೋಮೀಟರ್.

ನಾವು ಕತ್ತೆತ್ತಿ ನೋಡುವ ಈಗಿನ ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ. ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್. ಮುಗಿಯಲು ಹತ್ತು ವರ್ಷ ಹಿಡಿಯಿತು. ನಡುವೆ, 1887ರಲ್ಲಿ, ವಿಕ್ಟೋರಿಯಾ ರಾಣಿಯ ಪಟ್ಟದ ಸುವರ್ಣೋತ್ಸವಕ್ಕೆ ಅವಳ ಹೆಸರನ್ನೇ ಇಟ್ಟರು. ಗೋಡೆಯ ಮೇಲಿನ ಕೆತ್ತನೆಯಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಬಾಗಿಲ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ: ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು!

ಇಲ್ಲಿನ ಹಳಿಗಳಿಗೂ ಕನ್ನಡನಾಡಿಗೂ ನಂಟು ಈ ಕಟ್ಟಡಕ್ಕಿಂತ ಹಳೆಯದು. 1871ರಲ್ಲಿ ಮುಂಬೈ ಕಡೆಯ ಹಳಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಇವತ್ತಿಗೂ ಉದ್ಯಾನ್ ಎಕ್ಸ್‌ಪ್ರೆಸ್ ವೀಟಿಯಿಂದ ಹೊರಟು ಕಲಬುರಗಿ, ರಾಯಚೂರು ದಾಟಿ ಬೆಂಗಳೂರು ಸೇರುತ್ತದೆ. ಕರಾವಳಿಯವರು ಮಾತ್ರ ಹಡಗು, ಬಸ್ಸುಗಳನ್ನೇ ನಂಬಿದ್ದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾದ ಮೇಲೆ ಅವರಿಗೂ ನೇರ ದಾರಿ ತೆರೆಯಿತು.

ದೇಶದ ಮೊದಲ ವಿದ್ಯುತ್ ರೈಲು ಓಡಿದ್ದೂ ಇಲ್ಲಿಂದಲೇ, ಕುರ್ಲಾಕ್ಕೆ, 1925ರ ಫೆಬ್ರವರಿ 3ರಂದು. 1996ರಲ್ಲಿ ಶಿವಾಜಿಯ ಹೆಸರು ಬಂತು, 2017ರಲ್ಲಿ ಅದಕ್ಕೆ 'ಮಹಾರಾಜ್' ಸೇರಿತು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇದು ಬರಿಯ ಸ್ಮಾರಕವಲ್ಲ. ಈ ಕಟ್ಟಡದಲ್ಲೇ ಮಧ್ಯ ರೈಲ್ವೆಯ ಮುಖ್ಯ ಕಚೇರಿಯಿದೆ. ಒಟ್ಟು 18 ಪ್ಲಾಟ್‌ಫಾರ್ಮ್‌ಗಳಲ್ಲಿ ಏಳು ಲೋಕಲ್‌ಗಳಿಗೆ, ಉಳಿದ 11 ದೂರದ ಗಾಡಿಗಳಿಗೆ.

2008ರ ನವೆಂಬರ್ 26ರ ರಾತ್ರಿ ಇಬ್ಬರು ಭಯೋತ್ಪಾದಕರು ಇಲ್ಲಿ ಗುಂಡಿನ ಮಳೆಗರೆದರು. ಐವತ್ತಕ್ಕೂ ಹೆಚ್ಚು ಜೀವಗಳು ಹೋದವು. ಆ ಹೊತ್ತಿಗೆ ಲೋಕಲ್ ವಿಭಾಗದಲ್ಲಿ ಪ್ರಕಟಣೆಯ ಕೆಲಸದಲ್ಲಿದ್ದವರು ವಿಷ್ಣು ಝೇಂಡೆ. ಓಡಿಹೋಗಲಿಲ್ಲ. ಮೈಕಿನ ಮುಂದೆ ಕೂತು, ಒಂದನೇ ಪ್ಲಾಟ್‌ಫಾರ್ಮಿನ ಕಡೆಯಿಂದ ಹೊರಗೆ ಹೋಗಿ ಎಂದು ಹಿಂದಿ, ಮರಾಠಿಗಳಲ್ಲಿ ಹೇಳುತ್ತಲೇ ಇದ್ದರು. ಆ ದನಿ ಹಿಡಿದು ಅನೇಕರು ಪಾರಾದರು.

ಮೈಕನ್ನೇ ನಂಬಿ ಬದುಕುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ವೀಟಿಗೆ ಹೋದಾಗ ಗುಮ್ಮಟವನ್ನು ಖಂಡಿತ ನೋಡಿ. ಹಾಗೆಯೇ ಗಾಡಿ ಬಿಡುವವರು, ಕಸ ಗುಡಿಸುವವರು, ಹೊರೆ ಹೊರುವವರನ್ನೂ ಒಮ್ಮೆ ನೋಡಿ. ನಿಲ್ದಾಣ ದಿನವೂ ನಡೆಯುತ್ತಿರುವುದು ಅವರಿಂದ.