ಎರಡು ಡ್ರೈವ್ ಒಂದಾಗುವಾಗ ಕಡತಗಳ ಅನುಮತಿ ಉಳಿಸಿಕೊಳ್ಳುವುದು ಹೇಗೆ?

ಹಳೆಯ ಫೈಲ್ ಸರ್ವರ್ ತೆಗೆದು ಹೊಸದನ್ನು ಅಳವಡಿಸುವಾಗ, ಎರಡು ಮೂರು ಡ್ರೈವ್‌ಗಳಲ್ಲಿ ಹರಡಿಕೊಂಡಿದ್ದ ಕಡತಗಳನ್ನು ಒಂದೇ ದೊಡ್ಡ ಡ್ರೈವ್‌ಗೆ ಸೇರಿಸುವುದು ಕಚೇರಿಗಳಲ್ಲಿ ಸಾಮಾನ್ಯ. ವಿಂಡೋಸ್ ಸರ್ವರ್ 2012ರ ವಿಸ್ತರಿತ ಬೆಂಬಲವು 2023ರ ಅಕ್ಟೋಬರ್‌ನಲ್ಲಿ ಕೊನೆಗೊಂಡ ಮೇಲೆ ಇಂತಹ ಸ್ಥಳಾಂತರ ಅನೇಕ ಸಂಸ್ಥೆಗಳಿಗೆ ಅನಿವಾರ್ಯವಾಯಿತು. ಕಡತಗಳನ್ನು ನಕಲು ಮಾಡುವುದು ಸುಲಭ. ಆದರೆ ಯಾವ ಕಡತವನ್ನು ಯಾರು ತೆರೆಯಬಹುದು ಎಂಬ ಅನುಮತಿಯೂ ಜೊತೆಗೆ ಬಾರದಿದ್ದರೆ, ಮರುದಿನ ಬೆಳಿಗ್ಗೆ ಸಿಬ್ಬಂದಿಗೆ ತಮ್ಮ ಕಡತಗಳೇ ತೆರೆಯದಿರಬಹುದು. ಇಲ್ಲವೇ ಸಂಬಳದ ಪಟ್ಟಿ ಎಲ್ಲರ ಕಣ್ಣಿಗೂ ಬೀಳಬಹುದು. ಮೊದಲನೆಯದು ಕೂಡಲೇ ತಿಳಿಯುತ್ತದೆ. ಎರಡನೆಯದನ್ನು ಯಾರೂ ದೂರುವುದಿಲ್ಲ. ಆದ್ದರಿಂದ ಅದೇ ಹೆಚ್ಚು ಅಪಾಯಕಾರಿ.

ಅನುಮತಿ ಎಲ್ಲಿರುತ್ತದೆ?

ವಿಂಡೋಸ್ ಸರ್ವರ್‌ನಲ್ಲಿ ಅನುಮತಿಗೆ ಎರಡು ಹಂತ. ಮೊದಲನೆಯದು ಎನ್‌ಟಿಎಫ್‌ಎಸ್ ಅನುಮತಿ. ಇದು ಕಡತ ಹಾಗೂ ಫೋಲ್ಡರ್‌ಗೆ ಅಂಟಿಕೊಂಡೇ ಇರುತ್ತದೆ. ಎರಡನೆಯದು ಜಾಲದ ಮೂಲಕ ಹಂಚುವಾಗ ನೀಡುವ ಶೇರ್ ಅನುಮತಿ. ಇದು ಸರ್ವರ್‌ನ ರಿಜಿಸ್ಟ್ರಿಯಲ್ಲಿ ದಾಖಲಾಗಿರುತ್ತದೆ. ಬಳಕೆದಾರ ಜಾಲದ ಮೂಲಕ ಬಂದಾಗ ಇವೆರಡರಲ್ಲಿ ಹೆಚ್ಚು ಬಿಗಿಯಾದುದೇ ಅನ್ವಯವಾಗುತ್ತದೆ. ಕಡತಗಳನ್ನು ಎಷ್ಟೇ ಜಾಗರೂಕತೆಯಿಂದ ನಕಲು ಮಾಡಿದರೂ ಶೇರ್ ಅನುಮತಿ ಅವುಗಳ ಜೊತೆ ಬರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡು ಹೊಸ ಸರ್ವರ್‌ನಲ್ಲಿ ಮತ್ತೆ ಸ್ಥಾಪಿಸಬೇಕು.

ಕಿಟಕಿ ತೆರೆದು ಮೌಸ್‌ನಿಂದ ಎಳೆದು ನಕಲು ಮಾಡುವುದು ಇಲ್ಲಿ ಸಲ್ಲದು. ಹಾಗೆ ಬೇರೆ ಡ್ರೈವ್‌ಗೆ ಹೋದ ಕಡತವು ತನ್ನ ಹಳೆಯ ಅನುಮತಿಯನ್ನು ಬಿಟ್ಟು, ಹೊಸ ಜಾಗದ ಫೋಲ್ಡರ್‌ನ ಅನುಮತಿಯನ್ನು ಪಡೆಯುತ್ತದೆ.

ವಿಲೀನದ ತೊಡಕು

ಒಂದು ಉದಾಹರಣೆ ನೋಡೋಣ. ಹಳೆಯ ಸರ್ವರ್‌ನ ಡಿ ಡ್ರೈವ್ ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಮೀಸಲು. ಇ ಡ್ರೈವ್ ಎಲ್ಲ ಸಿಬ್ಬಂದಿಗೂ ಮುಕ್ತ. ಒಳಗಿನ ಫೋಲ್ಡರ್‌ಗಳು ಬಹುಪಾಲು ತಮ್ಮ ಡ್ರೈವ್‌ನ ಬೇರಿನಿಂದಲೇ ಅನುಮತಿಯನ್ನು ಉತ್ತರಾಧಿಕಾರವಾಗಿ ಪಡೆದಿರುತ್ತವೆ. ಹೊಸ ಡ್ರೈವ್‌ಗೆ ಇರುವುದು ಒಂದೇ ಬೇರು. ಎರಡನ್ನೂ ನೇರವಾಗಿ ಅದರಲ್ಲಿ ಸುರಿದರೆ ಯಾವುದಾದರೂ ಒಂದು ಪದ್ಧತಿ ಕೆಡುವುದು ಖಚಿತ. ಎರಡೂ ಕಡೆ ಒಂದೇ ಹೆಸರಿನ ಫೋಲ್ಡರ್ ಇದ್ದರೆ ಕಡತಗಳೂ ಬೆರೆತುಹೋಗುತ್ತವೆ.

ಆದ್ದರಿಂದ ಹೊಸ ಡ್ರೈವ್‌ನಲ್ಲಿ ಪ್ರತಿ ಹಳೆಯ ಡ್ರೈವ್‌ಗೂ ಒಂದೊಂದು ಪ್ರತ್ಯೇಕ ಫೋಲ್ಡರ್ ರಚಿಸಿ, ಹಳೆಯ ಬೇರಿಗಿದ್ದ ಅನುಮತಿಯನ್ನೇ ಅದಕ್ಕೆ ಮೊದಲು ನೀಡಬೇಕು. ಮೇಲಿನ ಬೇರಿನ ಉತ್ತರಾಧಿಕಾರವನ್ನು ಅಲ್ಲಿಗೇ ಕಡಿದುಹಾಕಬೇಕು. ನಕಲು ಆರಂಭವಾಗಬೇಕಾದದ್ದು ಆನಂತರ. ಫೋಲ್ಡರ್‌ನ ಹೆಸರು ಚಿಕ್ಕದಾಗಿರಲಿ. ವಿಂಡೋಸ್‌ನ ಅನೇಕ ತಂತ್ರಾಂಶಗಳು 260 ಅಕ್ಷರಗಳಿಗಿಂತ ಉದ್ದದ ವಿಳಾಸವಿರುವ ಕಡತವನ್ನು ತೆರೆಯಲಾರವು.

ನಕಲು ಮಾಡುವ ಸಾಧನ

ಈ ಕೆಲಸಕ್ಕೆ ವಿಂಡೋಸ್‌ನೊಂದಿಗೇ ದೊರೆಯುವ ರೋಬೋಕಾಪಿ ಸಾಕು. ಅದರ 'ಕಾಪಿಆಲ್' ಆಯ್ಕೆಯು ಅನುಮತಿ, ಒಡೆತನ ಮತ್ತು ಲೆಕ್ಕಪರಿಶೋಧನೆಯ ವಿವರಗಳನ್ನೂ ಒಯ್ಯುತ್ತದೆ. 'ಬಿ' ಆಯ್ಕೆ ಬಳಸಿದರೆ, ಬ್ಯಾಕಪ್ ಅಧಿಕಾರವುಳ್ಳ ನಿರ್ವಾಹಕರು ತಮಗೆ ಪ್ರವೇಶವಿಲ್ಲದ ಫೋಲ್ಡರ್‌ಗಳನ್ನೂ ನಕಲು ಮಾಡಬಹುದು. ಮೂರು ಎಚ್ಚರಿಕೆಗಳು ಅಗತ್ಯ.

ಒಂದು, 'ಮಿರ್' ಆಯ್ಕೆಯು ಮೂಲದಲ್ಲಿ ಇಲ್ಲದ ಕಡತಗಳನ್ನು ಗುರಿಯಲ್ಲಿ ಅಳಿಸಿಹಾಕುತ್ತದೆ. ಎರಡು ಡ್ರೈವ್‌ಗಳನ್ನು ಒಂದೇ ಜಾಗಕ್ಕೆ 'ಮಿರ್' ಮಾಡಿದರೆ ಎರಡನೆಯದು ಮೊದಲನೆಯದನ್ನು ನುಂಗುತ್ತದೆ.

ಎರಡು, ತೆರೆಯಲಾಗದ ಕಡತವೊಂದು ಸಿಕ್ಕರೆ ರೋಬೋಕಾಪಿ ತಾನಾಗಿಯೇ 30 ಸೆಕೆಂಡುಗಳ ಅಂತರದಲ್ಲಿ 10 ಲಕ್ಷ ಬಾರಿ ಪ್ರಯತ್ನಿಸುತ್ತದೆ. ಅಂದರೆ ಸುಮಾರು 347 ದಿನ! 'ಆರ್' ಮತ್ತು 'ಡಬ್ಲ್ಯೂ' ಆಯ್ಕೆಗಳಿಂದ ಇದನ್ನು ಒಂದೆರಡು ಬಾರಿಗೆ ಮಿತಗೊಳಿಸಬೇಕು.

ಮೂರು, ಡ್ರೈವ್‌ನ ಬೇರಿನಿಂದಲೇ ನಕಲು ಮಾಡಿದಾಗ ಗುರಿಯ ಫೋಲ್ಡರ್ ಕಣ್ಮರೆಯಾದಂತೆ ಕಾಣಬಹುದು. ಬೇರಿನ 'ಅಡಗಿದ' ಮತ್ತು 'ಸಿಸ್ಟಂ' ಗುಣಗಳು ಅದಕ್ಕೂ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಆಟ್ರಿಬ್ ಆಜ್ಞೆಯಿಂದ ಅದನ್ನು ಸರಿಪಡಿಸಬಹುದು.

ಹೆಸರಿನ ಬದಲು ಸಂಖ್ಯೆ

ನಕಲಾದ ಬಳಿಕ ಅನುಮತಿಯ ಪಟ್ಟಿಯಲ್ಲಿ ಬಳಕೆದಾರರ ಹೆಸರಿನ ಬದಲು ಉದ್ದನೆಯ ಸಂಖ್ಯೆ ಕಾಣಿಸಿದರೆ, ಆ ಖಾತೆ ಹಳೆಯ ಸರ್ವರ್‌ಗೆ ಮಾತ್ರ ಸೇರಿದ್ದಿರಬಹುದು. ವಿಂಡೋಸ್ ಅನುಮತಿಯನ್ನು ಹೆಸರಿನಿಂದಲ್ಲ, ಎಸ್‌ಐಡಿ ಎಂಬ ಗುರುತಿನ ಸಂಖ್ಯೆಯಿಂದ ದಾಖಲಿಸುತ್ತದೆ. ಡೊಮೈನ್‌ನ ಖಾತೆಗಳಿಗೆ, ಎರಡೂ ಸರ್ವರ್ ಅದೇ ಡೊಮೈನ್‌ನಲ್ಲಿದ್ದರೆ, ತೊಂದರೆಯಿಲ್ಲ. ಸರ್ವರ್‌ನ ಸ್ಥಳೀಯ ಖಾತೆಗಳಿಗೆ ನೀಡಿದ್ದ ಅನುಮತಿ ಮಾತ್ರ ಹೊಸ ಯಂತ್ರದಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಅವನ್ನು ಸ್ಥಳಾಂತರಕ್ಕೆ ಮುನ್ನವೇ ಡೊಮೈನ್ ಗುಂಪುಗಳಿಗೆ ಬದಲಿಸುವುದು ಒಳ್ಳೆಯದು.

ಕೊನೆಯ ಪರೀಕ್ಷೆ

'ಎಲ್' ಆಯ್ಕೆಯಿಂದ ಏನೇನು ನಕಲಾಗಲಿದೆ ಎಂಬುದನ್ನು ಮೊದಲೇ ನೋಡಬಹುದು. ಕೆಲಸ ಮುಗಿದ ಮೇಲೆ ನಿರ್ವಾಹಕರ ಖಾತೆಯಿಂದ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಅದಕ್ಕೆ ಬಹುತೇಕ ಎಲ್ಲವೂ ತೆರೆಯುತ್ತದೆ. ಪ್ರತಿ ವಿಭಾಗದ ಒಬ್ಬ ಸಾಮಾನ್ಯ ನೌಕರನ ಖಾತೆಯಿಂದ ಪರೀಕ್ಷಿಸಬೇಕು. ತೆರೆಯಬೇಕಾದದ್ದು ತೆರೆಯಿತೇ ಎಂಬುದರ ಜೊತೆಗೆ, ತೆರೆಯಬಾರದ್ದು ತೆರೆಯಲಿಲ್ಲವೇ ಎಂಬುದನ್ನೂ ನೋಡಬೇಕು. ಅಲ್ಲಿಯವರೆಗೆ ಹಳೆಯ ಡ್ರೈವ್‌ಗಳನ್ನು ಅಳಿಸಬಾರದು.